ಗುಡ್ಡದ ಕಡೆ, ಕೊಳ್ಳದ ಕಡೆ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಶಾಲೆ ಬಿಟ್ಟ ಮೇಲೆ ಕೈಗೆ ಬರೆಯುವ ಅಭ್ಯಾಸ ತಪ್ಪಿದೆ, ನನ್ನ ಹತ್ತಿರ ಪದಗಳೂ ಕಡಿಮೆ. ಆದರೆ ಇದನ್ನು ಅಪ್ಪನ ಬಾಯಲ್ಲೂ ಅಮ್ಮನ ಬಾಯಲ್ಲೂ ಬೇರೆಬೇರೆಯಾಗಿ ಕೇಳಿ, ತಾಳೆ ನೋಡಿಯೇ ಬರೆದಿದ್ದೇನೆ.

ಜೀಪ್ ಸ್ಟ್ಯಾಂಡಿನಲ್ಲಿ ಅಪ್ಪನಿಗೆ 'ಆಮೆ' ಎಂದೇ ಹೆಸರು. ಇಪ್ಪತ್ತಾರು ವರ್ಷದಿಂದ ಬೆಟ್ಟದ ಮೇಲಿನ ಊರಿಗೆ ಜೀಪು ಓಡಿಸುತ್ತಿದ್ದಾರೆ. ಡಾಂಬರು ಮುಗಿದ ಮೇಲೆ ಹನ್ನೊಂದು ಕಿಲೋಮೀಟರು ಬರೀ ಕಲ್ಲು, ಕೊರಕಲು. ಪ್ರತಿ ಕೊರಕಲಿನ ಮುಂದೆಯೂ ಅಪ್ಪ ಜೀಪು ನಿಲ್ಲಿಸಿ, ಚಪ್ಪಲಿ ಬಿಟ್ಟು, ದಾರಿಯನ್ನು ಮೊದಲು ಬರಿಗಾಲಲ್ಲಿ ತುಳಿದು ನೋಡುತ್ತಾರೆ. ಅಲ್ಲಾಡುವ ಕಲ್ಲು ಕಣ್ಣಿಗೆ ಕಾಣುವುದಿಲ್ಲ, ಪಾದಕ್ಕೆ ತಿಳಿಯುತ್ತದೆ ಎನ್ನುತ್ತಾರೆ. ಆಮೇಲೆಯೇ ಗೇರು ಹಾಕುವುದು.

ಈಚೆಗೆ ಅವರ ಮೊಣಕಾಲು ಬಾತು ಕುಂಬಳಕಾಯಿಯಾಯಿತು. ಕೂತು ಪೆಡಲ್ ಒತ್ತಬಹುದು, ಇಳಿದು ನಡೆಯಲಾಗದು. ನಡೆದು ನೋಡದೆ ಓಡಿಸುವ ಮನುಷ್ಯ ಅವರಲ್ಲ. ಹಾಗಾದರೆ ಬೆಟ್ಟ ಬಿಟ್ಟು ಪೇಟೆಯಲ್ಲಿ ಸಾಮಾನಿನ ಆಟೊ ಓಡಿಸುವುದೇ ಗತಿ. ಅದನ್ನು ನೆನೆದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಇದೇ ಕೊನೇ ಟ್ರಿಪ್ಪು. ಕಾವಲಿಗೆ ನಾನೂ ಬರ್ತೀನಿ," ಎಂದು ಸೋಮವಾರ ಅಮ್ಮ ಮುಂದಿನ ಸೀಟಿನಲ್ಲಿ ಕೂತಳು. ಹಿಂದೆ ಮೇಲಿನ ಊರಿನ ಮೇಷ್ಟ್ರು, ಎರಡು ಮೂಟೆ ಸಿಮೆಂಟು.

ಮೊದಲ ಕೊರಕಲಿನಲ್ಲಿ ಅಪ್ಪ ಬಾಗಿಲು ತೆಗೆದರು. ಕಾಲು ಊರಲಾಗಲಿಲ್ಲ. ಎಂಜಿನ್ ಆರಿಸಿ, "ಮೇಷ್ಟ್ರೇ, ವಾಪಸ್ ಹೋಗೋಣ," ಎಂದರು. ಅಂಥ ಸಣ್ಣ ದನಿಯನ್ನು ಅಮ್ಮ ಅವರ ಬಾಯಲ್ಲಿ ಕೇಳಿಯೇ ಇರಲಿಲ್ಲವಂತೆ. ಅವಳು ಇಳಿದು ಚಪ್ಪಲಿ ಬಿಟ್ಟಳು.

"ಏನೇ ಇದು?"

"ಮದುವೆ ಆದಾಗಿಂದ ನಿಮ್ಮ ಹಿಂದೇ ನಡೆದು ಸಾಕಾಗಿದೆ ರೀ. ಇವತ್ತು ಮುಂದೆ ನಡೀತೀನಿ."

"ಸೈ!" ಎಂದರು ಮೇಷ್ಟ್ರು. "ಆಮೆಗೆ ಅಂತೂ ಒಬ್ಬರು ಮೇಷ್ಟ್ರು ಸಿಕ್ಕರು!"

ಅಮ್ಮ ಒಂದೊಂದೇ ಕಲ್ಲು ತುಳಿದು ಆಚೆ ದಾಟಿ, ಜೀಪಿನ ಕಡೆ ತಿರುಗಿ ನಿಂತು, "ಎಡಕ್ಕೆ ಬನ್ನಿ, ಎಡಕ್ಕೆ!" ಎಂದು ಕೂಗಿದಳು. ಅಪ್ಪ ಎಡಕ್ಕೆ ತಿರುಗಿಸಿದರು. ಚಕ್ರದ ಕೆಳಗಿನ ಜಲ್ಲಿ ಸರಸರನೆ ಕೊಳ್ಳಕ್ಕೆ ಉದುರಿತು. ಜೀಪು ಒಂದು ಗೇಣು ಜಾರಿತು ಎನ್ನುತ್ತಾಳೆ ಅಮ್ಮ, ಎರಡೇ ಬೆರಳು ಎನ್ನುತ್ತಾರೆ ಅಪ್ಪ. ಬ್ರೇಕ್ ಹಿಡಿಯಿತು.

"ಯಾರ ಎಡ ಕಣೇ? ನಿಂದಾ, ನಂದಾ?"

"ನಂದೇ! ಇನ್ಯಾರದ್ದು?"

"ನಾನು ನಡ್ಕೊಂಡೇ ಬರ್ತೀನಪ್ಪಾ," ಎಂದು ಮೇಷ್ಟ್ರು ಗುಡ್ಡದ ಕಡೆಯಿಂದ ಇಳಿದೇಬಿಟ್ಟರು.

ಅಪ್ಪ ಹಣೆ ಒರೆಸಿಕೊಂಡರು. "ಎಡ ಬಲ ಬೇಡ ಮಾರಾಯ್ತಿ. ಗುಡ್ಡದ ಕಡೆ, ಕೊಳ್ಳದ ಕಡೆ, ಅಷ್ಟೇ ಹೇಳು. ನಾವು ಎತ್ತ ತಿರುಗಿದ್ರೂ ಗುಡ್ಡ ಇದ್ದಲ್ಲೇ ಇರತ್ತೆ."

"ಹಾಗಾದ್ರೆ ಗುಡ್ಡದ ಕಡೆ ಒಂದು ಗೇಣು... ಇನ್ನೂ... ನಿಲ್ಲಿ, ಈ ಕಲ್ಲು ಅಲ್ಲಾಡ್ತಿದೆ."

ಹೀಗೆ ಏಳು ಕೊರಕಲು ದಾಟಿದರು. ಮೇಲಿನ ಊರಲ್ಲಿ ಅಪ್ಪ ಕ್ಯಾನಿನಿಂದ ಅಮ್ಮನ ಕಾಲಿಗೆ ನೀರು ಸುರಿದರು. ತಲೆ ಎತ್ತದೆಯೇ, "ಗುರುವಾರ ಬರ್ತೀಯಾ?" ಎಂದು ಕೇಳಿದರು.

"ನಿಮ್ಮ ಕಾಲು ಸರಿಹೋಗೋವರೆಗೂ ಬರ್ತೀನಿ," ಎಂದಳು ಅಮ್ಮ. "ಸರಿಹೋದ ಮೇಲೂ ಬರ್ತೀನೋ ಏನೋ."

ಗುರುವಾರ ಇಬ್ಬರೂ ಬೆಳಿಗ್ಗೆ ಆರಕ್ಕೆ ಹೊರಡುತ್ತಾರೆ. ನಾನು ಐದಕ್ಕೆ ಎದ್ದು ಇಬ್ಬರಿಗೂ ಬುತ್ತಿ ಕಟ್ಟುತ್ತೇನೆ.