ತಮ್ಮನ ಮಿಲ್ಟ್ರಿ ಸ್ವೆಟರ್

ಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದ ನನ್ನ ತಮ್ಮ ಶಹಾಬಾದಿನ ಬಿಸಿಲಲ್ಲೂ ಮಿಲ್ಟ್ರಿ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಫೌಜಿನ ಸೊಕ್ಕು ಅಂತ ಜನ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ದಡ್ಡಿ ನಾನು.

ಒಂದು ಯುಗಾದಿಗೆ ಚಿತ್ತಾಪುರಕ್ಕೆ, ನಮ್ಮ ಮನೆಗೆ ಬಂದ. ಹಬ್ಬದ ದಿನ ಅಕ್ಕ ತಮ್ಮನ ತಲೆಗೆ, ಬೆನ್ನಿಗೆ ಎಣ್ಣೆ ಹಚ್ಚುವುದು ನಮ್ಮ ಪದ್ಧತಿ. ಬೇಡ ಅಂದ. ನಾನು ಕೇಳುವವಳೇ? ಸ್ವೆಟರ್ ಎಳೆದು ತೆಗೆದೆ. ಬೆನ್ನು, ಬಲದೋಳಿನ ತುಂಬ ಕೊಳ್ಳಿಯಿಂದ ಸುಟ್ಟ ಗಾಯ. ಕೆಲವು ಇನ್ನೂ ಹಸಿ. ಕಲ್ಲಿನ ಗಣಿಯಲ್ಲಿ ಬಿದ್ದೆ ಅಂದ. ಗಣಿಯಲ್ಲಿ ಬಿದ್ದವನ ಮೈ ತರಚುತ್ತದೆ, ಸುಡುವುದಿಲ್ಲ. ನಾನು ಎಣ್ಣೆ ಬಟ್ಟಲು ಕೆಳಗಿಟ್ಟೆ. ಕೊನೆಗೆ ಅವನೇ ಹೇಳಿದ, ಹೆಂಡತಿ ಅಂತ. ಮೂರು ವರ್ಷದಿಂದ. ಯಾರಿಗೂ ಹೇಳಬೇಡ ಅಂತ ನನ್ನ ಕಾಲು ಹಿಡಿದ.

ಕಾಲು ಬಿಡಿಸಿಕೊಂಡೆ. ಮರುದಿನವೇ ರೈಲು ಹತ್ತಿಸಿ ವಾಡಿಗೆ ಕರೆದೊಯ್ದೆ. ಅಲ್ಲಿ ನಿವೃತ್ತ ಸುಬೇದಾರರೊಬ್ಬರು ವಾರಕ್ಕೊಮ್ಮೆ ಕುಳಿತು ಮಾಜಿ ಸೈನಿಕರ ಅರ್ಜಿ ಬರೆದುಕೊಡುತ್ತಿದ್ದರು. ಏನು ತೊಂದರೆ ಅಂತ ಕೇಳಿದರೆ ತಮ್ಮ ನೆಲ ನೋಡಿದ. ನಾನು ಓದಿದ್ದು ಎರಡನೇ ಇಯತ್ತೆ. ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

"ಇವಂಗ ಇವನ ಹೇಣ್ತಿ ಸುಡ್ಲಿಕತ್ತಾಳ್ರಿ. ಬರ್ಕೋರಿ."

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಮಾಜಿ ಸಿಪಾಯಿಗಳು ನಕ್ಕರು. "ಟ್ಯಾಂಕಿಗಿ ಅಂಜಲಿಲ್ಲ, ಹೇಣ್ತಿ ಒಲಿಗಿ ಅಂಜ್ಯಾನ ನೋಡು," ಅಂದ ಒಬ್ಬ.

ಸುಬೇದಾರರು ತಮ್ಮನಿಗೆ ಸ್ವೆಟರ್ ತೆಗೆಯಲು ಹೇಳಿದರು. ತೆಗೆದ. ನಗು ನಿಂತಿತು. ಟ್ಯಾಂಕಿನ ಮಾತಾಡಿದವನನ್ನೇ ಸುಬೇದಾರರು ಹತ್ತಿರ ಕರೆದು, ಒಂದೊಂದು ಗಾಯವನ್ನೂ ಅವನ ಬಾಯಿಂದಲೇ ಹೇಳಿಸಿ ಬರೆದುಕೊಂಡರು.

"ಇನ್ನ ಆ ಮನಿಗಿ ಹೋಗಬ್ಯಾಡಪಾ. ನಮ್ಮಲ್ಲಿ ಇರು," ಅಂದರು.

ತಮ್ಮ ಸುಬೇದಾರರ ಮನೆಯ ಪಡಸಾಲೆಯಲ್ಲಿ ಉಳಿದ. ಟ್ಯಾಂಕಿನ ಮಾತಾಡಿದವನೇ ದಿನಾ ದವಾಖಾನೆಗೆ ಕರೆದೊಯ್ದು ಪಟ್ಟಿ ಕಟ್ಟಿಸಿದ. ಸುಬೇದಾರರು ನಾಲ್ಕು ಕಡೆ ಓಡಾಡಿ, ಮಳೆಗಾಲ ಹಿಡಿಯುವ ಮೊದಲೇ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿನ ಕೆಲಸ ಕೊಡಿಸಿದರು. ಗೇಟಿನ ಒಳಗೇ ಇರಲು ಒಂದು ಖೋಲಿ.

ನಾನು ರೊಟ್ಟಿ ಕೊಡಲು ಹೋದ ದಿನವೇ ಅವನ ಹೆಂಡತಿ ಅಲ್ಲಿಗೆ ಬಂದಳು. ಗೇಟಿನ ಸರಳು ಹಿಡಿದು, ಮನೆಗೆ ನಡಿ ಅಂದಳು. ತಮ್ಮ ಒಂದು ಹೆಜ್ಜೆ ಹಿಂದೆ ಸರಿದ. ನಾನು ಬಾಯಿ ತೆರೆಯಲು ಹೋದೆ. ಇರುವ ಒಂದು ಕೈ ಎತ್ತಿ ನನ್ನನ್ನು ತಡೆದ.

"ಪಾಸ್ ಇಲ್ದೆ ಯಾರಿಗೂ ಒಳಗ ಬಿಡಂಗಿಲ್ಲ," ಅಂದ.

ಅವಳು ಸರಳು ಬಿಟ್ಟು ಹೋದಳು. ತಮ್ಮ ರೊಟ್ಟಿಯ ಗಂಟು ಬಿಚ್ಚಿದ. ಆಗ ನೋಡಿದೆ, ಅರ್ಧ ತೋಳಿನ ಅಂಗಿ ತೊಟ್ಟಿದ್ದ.