ತೊಳೆಯಬಾರದ ಉಂಗುರಗಳು

ನನಗೆ ಮೀನೆಂದರೆ ಹೇಸಿಗೆ. ತಿನ್ನುವುದಿಲ್ಲ, ಮುಟ್ಟುವುದಿಲ್ಲ, ಮೀನಿನ ಗಾಡಿ ಹಾರ್ನ್ ಹೊಡೆದುಕೊಂಡು ಬಂದರೆ ಅಂಗಡಿಯ ಒಳಗೆ ಹೋಗಿ ನಿಲ್ಲುತ್ತೇನೆ. ಮೀನಿಲ್ಲದೆ ಊಟವಿಲ್ಲದ ಬ್ಯಾರಿಗಳ ಮನೆಯಲ್ಲಿ ಹುಟ್ಟಿ ಹೀಗಾದವನು ನಾನೊಬ್ಬನೇ ಇರಬೇಕು. ನನ್ನ ಹೆಂಡತಿಯ ತವರು ಕಡಲಿನ ಪಕ್ಕದಲ್ಲೇ ಇದೆ. ಅಲ್ಲಿ ಇಪ್ಪತ್ತು ವರ್ಷಗಳಿಂದ ನನಗೊಬ್ಬನಿಗೆ ಬೇರೆ ಪಾತ್ರೆಯಲ್ಲಿ ಬೇಳೆಸಾರು ಮಾಡುತ್ತಾರೆ, ಬಡಿಸುವಾಗ ನಗುತ್ತಾರೆ. ಅಂಥವನ ಮನೆಯ ನಡುಕೋಣೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ, ಅದರ ತುಂಬ ಉಪ್ಪುನೀರು.

ಬೇಕೆಂದವಳು ಅವಳೇ. ಮದುವೆಯಾಗಿ ಘಟ್ಟದ ಮೇಲಿನ ಕೊಪ್ಪಕ್ಕೆ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಬಹಳ ಕಡಿಮೆ, ಹಾಗಾಗಿ ಇಲ್ಲ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ತೊಟ್ಟಿ ಮಂಗಳೂರಿನಿಂದ ಬಂತು. ತಿಂಗಳು ಕಳೆದು ನೀರು ಹದಕ್ಕೆ ಬಂದ ಮೇಲೆ ಎರಡು ಕಿತ್ತಳೆ ಬಣ್ಣದ ಮೀನು, ಒಂದು ಸಿಗಡಿ ಬಂದವು. ಸಿಗಡಿಯದು ಕೆಂಪು ಬೆನ್ನು, ನಡುವೆ ಉದ್ದಕ್ಕೆ ಬಿಳಿ ಗೆರೆ. ಅವಳು ನೀರಿಗೆ ಕೈ ಇಳಿಬಿಟ್ಟರೆ ಅದು ಕಲ್ಲಿನ ಸಂದಿಯಿಂದ ಹೊರಬಂದು ಬೆರಳ ಮೇಲೆ ಹತ್ತಿ, ಉಗುರಿನ ಅಂಚನ್ನು ಕೆದಕಿ ಅಲ್ಲಿದ್ದುದನ್ನು ತಿನ್ನುತ್ತಿತ್ತು. ದಿನಾ ಬೆಳಿಗ್ಗೆ ಇದೇ ಕೆಲಸ. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬೇರೆ ಹೊತ್ತಿನಲ್ಲಿ ಕಂಡಿದ್ದಿಲ್ಲ. ನಾನು ಮುಖ ತಿರುಗಿಸುತ್ತಿದ್ದೆ. ಅದೇ ಕೈಯಲ್ಲಿ ರೊಟ್ಟಿ ತಟ್ಟುತ್ತೀಯಾ ಎಂದು ಕೇಳಿದರೆ, ಸಾಬೂನು ಎತ್ತಿ ತೋರಿಸುತ್ತಿದ್ದಳು.

ಆ ತೊಟ್ಟಿಯ ಫಿಲ್ಟರಿನೊಳಗೆ ಏನು ತುಂಬಬೇಕೆನ್ನುವುದೇ ನಮ್ಮ ಮೊದಲ ಜಗಳವಾಗಿತ್ತು. ಮೀನಿನ ಹೇಲು, ತಿಂದು ಬಿಟ್ಟ ಆಹಾರ ಎಲ್ಲ ಕೊಳೆತು ನೀರು ವಿಷವಾಗುತ್ತದಂತೆ. ಆ ವಿಷವನ್ನು ಅರಗಿಸಿಕೊಳ್ಳುವ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳಲು ಜಾಗ ಬೇಕಂತೆ. ಮಂಗಳೂರಿನ ಅಂಗಡಿಯವ ಪ್ಲಾಸ್ಟಿಕ್ ಚೆಂಡುಗಳನ್ನೂ ಸ್ಪಂಜನ್ನೂ ತೂತುತೂತಾದ ಬಿಳಿ ಸೆರಾಮಿಕ್ ಉಂಗುರಗಳನ್ನೂ ಮುಂದಿಟ್ಟ. ನಾನು ಚೆಂಡು ಸಾಕೆಂದೆ, ತೊಳೆದರೆ ಥಳಥಳ ಅನ್ನುತ್ತದೆ. ಅವಳು ಉಂಗುರವೇ ಬೇಕೆಂದಳು, ತೂತು ಹೆಚ್ಚಿದ್ದಷ್ಟೂ ಜಾಗ ಹೆಚ್ಚು. ಅಂಗಡಿಯವ ಅವಳ ಕಡೆ ಸೇರಿದ. ನಲ್ಲಿ ನೀರಿನಲ್ಲಿ ತೊಳೆಯಲೇಬಾರದು, ತೀರಾ ಕಟ್ಟಿಕೊಂಡರೆ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಸ್ವಲ್ಪ ಸ್ವಲ್ಪ ಅದ್ದಬೇಕು, ಗಲೀಜಾಗಿ ಕಂಡಷ್ಟೂ ಒಳ್ಳೆಯದು ಎಂದ. ಗಲೀಜನ್ನು ಹೊಗಳುವವರನ್ನು ನಾನು ಕಂಡದ್ದು ಅದೇ ಮೊದಲು.

ನನ್ನದು ಗೊಬ್ಬರ, ಔಷಧಿಯ ಅಂಗಡಿ, ಮನೆಗೆ ಅಂಟಿಕೊಂಡೇ ಇದೆ. ಗಿರಾಕಿಗಳಿಗೂ ಈ ಉಂಗುರದ ಕತೆ ಗೊತ್ತಾಯಿತು. ಮೇಗುಂದದ ಒಬ್ಬರಂತೂ, "ಅಷ್ಟು ದೂರದಿಂದ ಎಂತಕ್ಕೆ ತರ್ಸಿದ್ರಿ ಸಾಹೇಬ್ರೆ, ಇಲ್ಲಿನ ಜಂಬಿಟ್ಟಿಗೆ ಕಲ್ಲು ಒಡ್ದು ಹಾಕಿದ್ರೆ ಆಗ್ತಿತ್ತಲ್ಲ, ಅದ್ರಲ್ಲೂ ತೂತು ಇಲ್ವಾ ಮಾರಾಯ್ರೆ" ಎಂದರು. ಅವರು ಬಂದಿದ್ದು ಮೈಲುತುತ್ತಕ್ಕೆ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ಆ ನೀಲಿ ಹರಳು ತಾಮ್ರದ ವಿಷ. ಅದನ್ನು ಒಯ್ಯುವ ಪ್ರತಿಯೊಬ್ಬರಿಗೂ ನಾನು ಪ್ರತಿ ವರ್ಷ ಹೇಳುವ ಮಾತೊಂದಿದೆ. ಅವರಿಗೂ ಹೇಳಿದೆ: "ಕಲಸಿದ ಡ್ರಮ್ಮು ಹಳ್ಳದಲ್ಲಿ ತೊಳೀಬೇಡಿ. ಮೊದ್ಲು ಸಾಯೋದು ಸಿಗಡಿ, ಏಡಿ."

ತೊಟ್ಟಿ ಬಂದು ಎಂಟು ತಿಂಗಳಾಗಿತ್ತು. ತನ್ನ ತಂಗಿಯ ಮಗಳ ಮದುವೆಗೆಂದು ಅವಳು ಮೂರು ದಿನ ಮುಂಚೆಯೇ ತವರಿಗೆ ಹೋದಳು, ತೊಟ್ಟಿ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ನೀರು ಸಣ್ಣಗೆ ಹರಿಯುತ್ತಿತ್ತೆಂದು ಫಿಲ್ಟರಿನ ಮುಚ್ಚಳ ತೆಗೆದೆ. ಥೂ! ಹಾಲಿನಂತಿದ್ದ ಉಂಗುರಗಳು ಕಂದು ಲೋಳೆಯಲ್ಲಿ ಮುಳುಗಿದ್ದವು. ಬೆರಳಿಟ್ಟರೆ ಜಾರುತ್ತಿತ್ತು, ಮೂಗಿಗೆ ಚರಂಡಿಯ ನಾತ ಬಡಿಯಿತು. ಇದರೊಳಗಿಂದ ಬಂದ ನೀರಿಗೆ ಅವಳು ದಿನಾ ಕೈ ಹಾಕುತ್ತಾಳಲ್ಲ ಎಂದು ಮೈ ಮುಳ್ಳೆದ್ದಿತು. ಇಕ್ಕಳದಲ್ಲಿ ಒಂದೊಂದೇ ಹೆಕ್ಕಿ ಹಿತ್ತಲಿಗೆ ಒಯ್ದೆ. ಅಲ್ಲಿ ಒಂದು ಡ್ರಮ್ಮು ಖಾಲಿಯಿತ್ತು, ಚೀಲ ಒಡೆದ ಮೈಲುತುತ್ತವನ್ನು ಸುರಿದಿಡುವ ಡ್ರಮ್ಮು. ಎರಡು ಸಲ ಗಲಬರಿಸಿದ್ದೆ, ಕಣ್ಣಿಗೆ ಚೊಕ್ಕಟವಾಗಿತ್ತು. ನೀರು ತುಂಬಿ ಉಂಗುರಗಳನ್ನು ನೆನೆಹಾಕಿದೆ, ಸಂಜೆ ಬ್ರಷ್ಷಿನಲ್ಲಿ ತಿಕ್ಕಿದೆ. ಮತ್ತೆ ಬೆಳ್ಳಗಾದವು. ಜೋಡಿಸಿಟ್ಟು ಕೈ ತೊಳೆದುಕೊಂಡಾಗ, ಎಂಟು ತಿಂಗಳಲ್ಲಿ ಮೊದಲ ಸಲ ಆ ತೊಟ್ಟಿ ನನಗೆ ಇಷ್ಟವಾಯಿತು.

ಮರುದಿನ ನಾನೂ ಮದುವೆಗೆ ಹೋದೆ. ಅದರ ಮಾರನೇ ದಿನ ಮಧ್ಯಾಹ್ನ ಇಬ್ಬರೂ ಹಿಂದಿರುಗಿದೆವು. ಅವಳು ಚೀಲ ಇಳಿಸಿ, ಕೈ ತೊಳೆದು, ನೀರಿಗೆ ಬೆರಳು ಬಿಟ್ಟಳು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆತೆರೆದು ಮುಚ್ಚುತ್ತಿದ್ದವು. ಸಿಗಡಿ ಬರಲಿಲ್ಲ. ಅದು ಕಲ್ಲಿನ ಹಿಂದೆ ಅಡ್ಡಬಿದ್ದಿತ್ತು, ಕೆಂಪು ಹೋಗಿ ಬಿಳಿಚಿ ಮಂಕಾಗಿತ್ತು. ಅವಳು ಫಿಲ್ಟರ್ ತೆರೆದು ಬಿಳಿ ಉಂಗುರಗಳನ್ನು ನೋಡಿದಳು. ಯಾವುದರಲ್ಲಿ ತೊಳೆದದ್ದು ಎಂದು ಕೇಳಿದಳು. ನಾನು ಹಿತ್ತಲಿನ ಕಡೆ ನೋಡಿದೆ.

"ಅಂಗಡಿಗೆ ಬಂದವರಿಗೆಲ್ಲ ನೀವೇ ಹೇಳೋದಲ್ವಾ," ಎಂದಳು. "ಒಳಗೆ ಕೂತು ನಾನು ದಿನಾ ಕೇಳ್ತೇನೆ."

ಅಷ್ಟೇ. ಬೈದಿದ್ದರೆ ಸುಖವಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಊರಿನವರನ್ನು ನಾನು ಎಷ್ಟು ಸಲ ಆಡಿಕೊಂಡಿಲ್ಲ. ಅವಳು ಮೀನುಗಳನ್ನು ಹೊಸ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಸತ್ತದ್ದನ್ನು ಎಲೆಯಲ್ಲಿ ಸುತ್ತಿ ಒಯ್ದು ಹೂತಳು.

ಮಂಗಳೂರಿನವನಿಗೆ ಫೋನ್ ಮಾಡಿದೆ. ಆ ಉಂಗುರಗಳು ತಾಮ್ರವನ್ನು ಕುಡಿದಿವೆ, ಇನ್ನು ತೊಳೆದರೆ ಹೋಗುವುದಲ್ಲ, ಎಲ್ಲ ಎಸೆಯಿರಿ, ತೊಟ್ಟಿಯ ನೀರನ್ನೂ ಚೆಲ್ಲಿ ಹೊಸದು ತುಂಬಿ ಎಂದ. ಹೊಸ ಉಂಗುರಕ್ಕೆ ಬ್ಯಾಕ್ಟೀರಿಯಾ ಹಿಡಿಯಲು ತಿಂಗಳು ಬೇಕು, ಬೇಗ ಆಗಬೇಕಾದರೆ ಬೇರೆಯವರ ತೊಟ್ಟಿಯ ಹಳೆಯ ಉಂಗುರ ತಂದು ಸೇರಿಸಬೇಕು. ಶೃಂಗೇರಿಯಲ್ಲಿ ಅವನ ಗಿರಾಕಿಯೊಬ್ಬರಿದ್ದರು. ನಾನೇ ಹೋದೆ. ಅವರು ಕೊಟ್ಟ ಆ ಕಂದು ಲೋಳೆಯ ಉಂಗುರಗಳನ್ನು ಅವರದೇ ತೊಟ್ಟಿಯ ನೀರಿನೊಂದಿಗೆ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೊಪ್ಪದವರೆಗೆ ಬಂದೆ. ತಿರುವಿನಲ್ಲೆಲ್ಲ ತುಳುಕಿ ಪಂಚೆ ಒದ್ದೆಯಾಯಿತು. ಪಕ್ಕದವರು ಮೂಗು ಮುಚ್ಚಿಕೊಂಡು ಹಿಂದಿನ ಸೀಟಿಗೆ ಹೋದರು. ನಾನು ಡಬ್ಬಿಯನ್ನು ಬಿಡಲಿಲ್ಲ. ಮನೆಯಲ್ಲಿ ಅವನ್ನು ಬರಿಗೈಯಲ್ಲೇ ಫಿಲ್ಟರಿಗೆ ಜೋಡಿಸಿದೆ. ಹೇಸಿಗೆ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ.

ಎರಡು ತಿಂಗಳ ಮೇಲೆ ಇನ್ನೊಂದು ಸಿಗಡಿ ತರಿಸಿದೆ. ಅವಳು ನೋಡಿದಳು, ಕೈ ಹಾಕಲಿಲ್ಲ. ಒಂದು ಬೆಳಿಗ್ಗೆ ನಾನೇ ಅಂಗಿಯ ತೋಳು ಮಡಚಿದೆ. ಸೋಪು ಹಾಕಿ ತೊಳೆದು, ಸೋಪಿನ ಜಿಡ್ಡು ಹೋಗುವವರೆಗೆ ಮತ್ತೆ ತೊಳೆದು, ಕೈ ಇಳಿಬಿಟ್ಟೆ. ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಸಿಗಡಿ ಕಲ್ಲಿನ ಸಂದಿಯಿಂದ ಮೀಸೆ ಹೊರಹಾಕಿತು, ಮೆಲ್ಲನೆ ನನ್ನ ಹೆಬ್ಬೆರಳಿನ ಹತ್ತಿರ ಬಂತು. ಆಗ ತೊಟ್ಟಿಯ ದೀಪದ ಬೆಳಕಿನಲ್ಲಿ ನನ್ನ ಉಗುರುಗಳನ್ನು ನಾನು ಕಂಡೆ. ಸಂದಿಯಲ್ಲಿ ಅಂಗಡಿಯ ಮೈಲುತುತ್ತದ ನೀಲಿ ಕೂತಿತ್ತು. ಇಪ್ಪತ್ತು ವರ್ಷದಲ್ಲಿ ನನಗೆ ಹೇಸಿಗೆಯಾಗದಿದ್ದ ಕೊಳೆ ಅದೊಂದೇ.

ಕೈ ಎಳೆದುಕೊಂಡೆ.