ಇರಾಸಿಯ ಹುಲ್ಲು

ಇರಾಸಿ ಬಾರಿಯೋಸ್‌ಗೆ ಹುಲ್ಲಿನ ಹುಚ್ಚು ಹತ್ತಿದ್ದು ಅಪ್ಪನಿಂದ. ಪರಗ್ವೇ ಗಡಿಯ ಈಚೆ, ಬ್ರೆಜಿಲ್ಲಿನ ಬಯಲಿನಲ್ಲಿ ಪರರ ದನ ಕಾಯುತ್ತಲೇ ಮುದುಕನಾದ ಆ ಮನುಷ್ಯ, ಕುದುರೆಯಿಂದ ಇಳಿಯದೆಯೇ ಹೋರಿಯ ಬೆನ್ನು ನೋಡಿ ಅದು ಯಾವ ಬೇಲಿಯೊಳಗೆ ಮೇಯ್ದು ಬಂದದ್ದೆಂದು ಹೇಳುತ್ತಿದ್ದ. ಮಗಳು ಓದಿ ಮೇವಿನ ಸಂಶೋಧನಾ ಕೇಂದ್ರ ಸೇರಿದಾಗ ಅವನಿಗೆ ಅರ್ಥವಾಗದೆ ಉಳಿದದ್ದು ಒಂದೇ: ತಾನಾಗಿ ಬೆಳೆಯುವ ಹುಲ್ಲಿಗೆ ಸಂಬಳ ಕೊಟ್ಟು ಜನರನ್ನು ಯಾಕೆ ಇಡುತ್ತಾರೆ?

ನೊರೆಹುಳುವಿಗಾಗಿ ಇಡುತ್ತಾರೆ. ಮಳೆ ಹಿಡಿಯಿತೆಂದರೆ ಹುಲ್ಲಿನ ಬುಡದಲ್ಲಿ ಉಗುಳಿನಂಥ ನೊರೆ, ನೊರೆಯೊಳಗೆ ಅವಿತು ರಸ ಹೀರುವ ಮರಿ. ನೋಡನೋಡುತ್ತ ಹಸಿರು ಹುಲ್ಲುಗಾವಲು ಬೆಂಕಿ ತಾಗಿದಂತೆ ಒಣಗುತ್ತದೆ. ಮಾಂಸಕ್ಕೆ ಸಾಕಿದ ಬಿಳಿ ನೆಲ್ಲೂರು ಹೋರಿಗಳ ಪಕ್ಕೆಲುಬು ಎದ್ದು ಕಾಣುತ್ತವೆ. ಆ ಹುಳುವಿಗೆ ಜಗ್ಗದ ಹುಲ್ಲು ಹುಡುಕುವುದರಲ್ಲಿ ಇರಾಸಿಯ ಹದಿನಾರು ವರ್ಷ ಹೋದವು. ಸಾವಿರಾರು ಕುಂಡಗಳಲ್ಲಿ ಹುಲ್ಲು ನೆಟ್ಟು, ಒಂದೊಂದರ ಬುಡಕ್ಕೂ ಹುಳುವಿನ ಮೊಟ್ಟೆ ಇಟ್ಟು, ತಿಂಗಳು ಕಳೆದ ಮೇಲೆ ಮೊಣಕಾಲೂರಿ ಬದುಕಿದ ಮರಿಗಳನ್ನು ಎಣಿಸಿದಳು. ತಡೆದುಕೊಂಡ ಹುಲ್ಲನ್ನು ಹೋರಿಗಳಿಗೆ ಮೇಯಿಸಿ, ಒಂದು ದಿನ ಉಪವಾಸ ನಿಲ್ಲಿಸಿ, ಆಮೇಲೆ ತೂಗಿದಳು. ಹೊಟ್ಟೆಯ ನೀರು ಮಾಂಸದ ತೂಕಕ್ಕೆ ಸೇರಬಾರದಲ್ಲ. ಕೊನೆಗೆ ನಿಂತದ್ದು ಒಂದೇ ಒಂದು, ಇನ್ನೂರ ಹದಿನೇಳನೆಯ ಕುಂಡದ್ದು. ಈ ನಡುವೆ ಅಪ್ಪ ತೀರಿಕೊಂಡ, ಒಂದು ಮದುವೆಯಾಗಿ ಮುರಿಯಿತು. ಹುಲ್ಲಿಗೆ ಮಾತ್ರ ಇನ್ನೂ ಹೆಸರಿರಲಿಲ್ಲ.

ಫೆಬ್ರವರಿಯಲ್ಲಿ ಹೊಸ ತಳಿಗಳ ಸಮಿತಿ ಕೂತು ಒಪ್ಪಿದರೆ ಹೆಸರೂ ಬರುತ್ತಿತ್ತು, ಬೀಜ ರೈತರ ಕೈಗೂ ಹೋಗುತ್ತಿತ್ತು. ಅದಕ್ಕೆ ಮೂರು ವಾರ ಇರುವಾಗ ಒಲಿಂಪಿಯೊ ಅರ್ಗೆಲ್ಯೊ ಫೋನು ಮಾಡಿದ. ಅವಳ ಬೀಜವನ್ನು ಪರೀಕ್ಷೆಗೆಂದು ತನ್ನ ಜಮೀನಿನಲ್ಲಿ ಮೊದಲು ಬಿತ್ತಿದ ರೈತ ಅವನು. ಹುಲ್ಲುಗಾವಲಿನ ಒಂದು ಮೂಲೆ ಹಳದಿಯಾಗಿದೆ, ಬುಡದಲ್ಲಿ ನೊರೆ ಇದೆ ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಅದು ನಿಜವಾದರೆ ಸಮಿತಿಯ ಮುಂದೆ ಇಡಲು ಇರಾಸಿಯ ಬಳಿ ಏನೂ ಉಳಿಯುತ್ತಿರಲಿಲ್ಲ.

ಅವಳು ಹೋದಾಗ ಒಲಿಂಪಿಯೊ ಜಗಲಿಯಲ್ಲಿ ತೆರೆರೆ ಕುಡಿಯುತ್ತ ಕೂತಿದ್ದ. ಕೊಂಬಿನ ಬಟ್ಟಲಿನ ಸೊಪ್ಪಿಗೆ ತಣ್ಣೀರು ಹುಯ್ದು ಅವಳಿಗೆ ಕೊಟ್ಟ. ಅವಳು ಒಂದೇ ಉಸಿರಿಗೆ ಹೀರಿ, ‘ಉಪಕಾರವಾಯ್ತು’ ಎಂದು ಬಟ್ಟಲು ಹಿಂದಿರುಗಿಸಿದಳು. ಹಾಗೆಂದವರಿಗೆ ಬಟ್ಟಲು ಮತ್ತೆ ಬರುವುದಿಲ್ಲ.

“ಒಂದೇ ಸರದಿಗೆ ಸಾಕಾಯ್ತಾ ಡಾಕ್ಟ್ರಮ್ಮ? ನಮ್ಮನೆ ನೀರೇನು ಕಹಿಯಾ?”

“ಮೊದ್ಲು ಹುಲ್ಲು ನೋಡೋಣ, ನಡೀರಿ.”

ಬೇರೆ ದಿನಗಳಲ್ಲಿ ಸರ್ಕಾರಿ ಹುಲ್ಲು ಸರ್ಕಾರಿ ನೌಕರರ ಹಾಗೆ ತಡವಾಗಿ ಏಳುತ್ತದೆ ಎಂದು ದಾರಿಯುದ್ದಕ್ಕೂ ಚುಡಾಯಿಸುವವನು ಅಂದು ಹಿಂದೆ ಹಿಂದೆಯೇ ನಡೆದ. ಮೂಲೆ ಹಳದಿಯಾಗಿಯೇ ಇತ್ತು. ಇರಾಸಿ ಮೊಣಕಾಲೂರಿ ಹುಲ್ಲಿನ ಬುಡ ಸರಿಸಿದಳು. ನೊರೆ, ಹೆಬ್ಬೆರಳ ಗಾತ್ರದ್ದು. ಪಕ್ಕದ ಬುಡದಲ್ಲೂ ಅಷ್ಟೇ.

ಸುಮ್ಮನೆ, ಕೈಯ ರೂಢಿಯಿಂದ, ಒಂದು ಎಲೆ ಕಿತ್ತು ಮೇಲ್ದುಟಿಗೆ ಸವರಿಕೊಂಡಳು. ಬೆರಳಿಗೆ ಗೊತ್ತಾಗದ ರೋಮ ತುಟಿಗೆ ಗೊತ್ತಾಗುತ್ತದೆ. ಅವಳ ಹುಲ್ಲು ಎಳೆಗರುವಿನ ಕಿವಿಯಂತೆ. ಇದು ನುಣ್ಣಗೆ ಜಾರಿತು. ಇನ್ನೊಂದು ಕಿತ್ತಳು, ಅದೂ ನುಣುಪು. ಎದ್ದು, ಹಸಿರಿದ್ದಲ್ಲಿಗೆ ಹತ್ತು ಹೆಜ್ಜೆ ನಡೆದು ಮತ್ತೊಂದನ್ನು ಸವರಿ ನೋಡಿದಳು. ರೋಮವಿತ್ತು. ಅದರ ಬುಡದಲ್ಲಿ ಕಡಲೆಕಾಳಿನಷ್ಟು ನೊರೆ ಒಣಗಿತ್ತು, ಒಳಗೆ ಮರಿ ಸತ್ತು ಕಪ್ಪಾಗಿತ್ತು.

“ಯಜಮಾನ್ರೇ, ಆ ಮೂಲೇಲಿ ಏನು ಬಿತ್ತಿದ್ರಿ?”

ಒಲಿಂಪಿಯೊ ಟೋಪಿ ತೆಗೆದು ಅದರ ಅಂಚು ತಿರುವಿದ. “ಹೆಕ್ಟೇರಿಗೆ ನಾಲ್ಕು ಕಿಲೊ ಸಾಕು ಅಂದ್ರಿ. ಗುಬ್ಬಿ ತಿಂದ್ರೆ ಮಿಗೋದೇನು ಅನ್ನಿಸ್ತು. ಎಂಟು ಹಾಕ್ದೆ.”

ಮೂಲೆಗೆ ಬರುವ ಹೊತ್ತಿಗೆ ಚೀಲ ಖಾಲಿಯಾಗಿತ್ತಂತೆ. ಕೊಟ್ಟಿಗೆಯಲ್ಲಿದ್ದ ಹಳೆಯ ತಳಿಯ ಬೀಜವನ್ನು ಅಲ್ಲಿಗೆ ಚೆಲ್ಲಿದ್ದ. ಹುಳು ಅಲ್ಲಿಂದ ಹೊಸ ಹುಲ್ಲಿಗೂ ದಾಟೀತೆಂದು ಹೆದರಿ ಫೋನು ಮಾಡಿದನೇ ಹೊರತು, ಮಿಕ್ಕಿದ್ದನ್ನು ಹೇಳಲು ನಾಲಗೆ ಬರಲಿಲ್ಲ.

ಇರಾಸಿ ಅಲ್ಲೇ ಕೂತುಬಿಟ್ಟಳು. ಒದ್ದೆ ಹುಲ್ಲು ಬಟ್ಟೆಯನ್ನೆಲ್ಲ ತೋಯಿಸಿತು, ಏಳಬೇಕೆನ್ನಿಸಲಿಲ್ಲ. ತಲೆ ಸುತ್ತುತ್ತಿದೆಯೇ, ನೀರು ತರಲೇ ಎಂದು ಅವನು ಕೇಳಿದ. ಬೇಡವೆಂದು ತಲೆಯಾಡಿಸಿದಳು.

“ತಪ್ಪಾಯ್ತು ತಾಯಿ. ನಾಳೇನೇ ಟ್ರ್ಯಾಕ್ಟರ್ ಹೊಡೆಸಿ ಈ ಮೂಲೆ ಉತ್ತುಹಾಕ್ತೀನಿ.”

“ಮುಟ್ಟಿದ್ರೆ ನೋಡಿ. ಸಮಿತಿಯೋರನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ.”

ಅದೇ ಮಣ್ಣು, ಅದೇ ಮಳೆ, ಅದೇ ಹುಳು. ಒಂದು ಹೆಜ್ಜೆಯ ಆಚೆ ಸತ್ತ ಹುಲ್ಲು, ಈಚೆ ಬದುಕಿದ ಹುಲ್ಲು. ಹೋಲಿಸಿ ನೋಡಲು ಪಕ್ಕದಲ್ಲಿ ಹಳೆಯ ಹುಲ್ಲನ್ನೂ ಸಾಯಲೆಂದೇ ಬಿತ್ತಿ ಎಂದು ಅವಳು ಕೇಳಿದ್ದರೆ ಯಾವ ರೈತ ನೆಲ ಕೊಡುತ್ತಿದ್ದ?

“ಹಂಗಾದ್ರೆ ನನ್ನ ಕಳ್ಳಾಟಕ್ಕೂ ಒಂದು ಸರ್ಟಿಫಿಕೇಟ್ ಕೊಡಿಸಿ,” ಎಂದ ಒಲಿಂಪಿಯೊ, ಟೋಪಿ ಹಾಕಿಕೊಳ್ಳುತ್ತ.

“ಬೈಗುಳ ಕೊಡ್ತೀನಿ. ಅದು ಆಮೇಲೆ. ಈಗ ಗಾಡಿಯಿಂದ ಗೂಟ ತನ್ನಿ.”

ಹಳದಿ ಮುಗಿದು ಹಸಿರು ಶುರುವಾಗುವ ಗೆರೆಯುದ್ದಕ್ಕೂ ಇಬ್ಬರೂ ಗೂಟ ಹೊಡೆಯತೊಡಗಿದರು. ಮಳೆಗೆ ನೆನೆದ ಮಣ್ಣು. ಒಂದೊಂದೂ ಒಂದೇ ಏಟಿಗೆ ಇಳಿಯಿತು.